ಅಕ್ಕಿ ಮೊರದಲ್ಲಿ ಕಂಡ ಮಿಂಚು: ಹೃದಯದ ತೂತು ಮುಚ್ಚಿಸಿದ ಮೇಲೆ ಕಣ್ಣಿಗೇನಾಗುತ್ತದೆ?

ತಂಗಿಯ ಹೃದಯದ ತೂತು ಮುಚ್ಚಿಸಿ ಅಂದಿಗೆ 11ನೇ ದಿನ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಡುಗೆಮನೆ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಅವಳು ಅಕ್ಕಿ ಆರಿಸುತ್ತಿದ್ದಳು. ಭಾರ ಎತ್ತಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ.

"ಅಕ್ಕಾ, ಅಕ್ಕ್ಯಾಗ ಒಂದೀಟು ಜಾಗಾ ಕಾಣವಲ್ದು" ಅಂದಳು.

ನಾನು ಹೋಗಿ ಮೊರ ನೋಡಿದೆ. ಅಕ್ಕಿ ಅಕ್ಕಿಯ ಹಾಗೇ ಇತ್ತು. ಅವಳ ಕಣ್ಣಿಗೆ ಮಾತ್ರ ನಡುವಿನ ಒಂದು ಹಿಡಿಯಷ್ಟು ಜಾಗದಲ್ಲಿ ಕಾಳುಗಳೇ ಇರಲಿಲ್ಲ. ಕಪ್ಪಗೂ ಇರಲಿಲ್ಲ, ಬೆಳ್ಳಗೂ ಇರಲಿಲ್ಲ, ಏನೂ ಇರಲಿಲ್ಲವಂತೆ. ಐದಾರು ನಿಮಿಷ ಕಳೆಯುವಷ್ಟರಲ್ಲಿ ಆ ಜಾಗದ ಅಂಚಿಗೆ ಒಂದು ಗೆರೆ ಹುಟ್ಟಿತು. ಹಲ್ಲುಹಲ್ಲಾದ, ಮಿಣಮಿಣ ನಡುಗುವ ಗೆರೆ. "ಇಳಕಲ್ ಸೀರಿ ಸೆರಗಿನ ತೆನಿ ಇದ್ದಂಗ ಐತಿ, ಆದ್ರ ಮಿಂಚತೈತಿ. ಕಣ್ಣ ಮುಚ್ಚಿದ್ರೂ ಕಾಣ್ತೈತಿ" ಅಂದಳು. ಗೆರೆ ಬಿಲ್ಲಿನಂತೆ ಬಾಗಿ, ಎಡಕ್ಕೆ ಸರಿಯುತ್ತಾ, ದೊಡ್ಡದಾಗುತ್ತಾ ಹೋಗಿ, 20-25 ನಿಮಿಷದ ಹೊತ್ತಿಗೆ ಕಣ್ಣಂಚಿನಿಂದ ಜಾರಿ ಮಾಯವಾಯಿತು. ಆಮೇಲೆ ತಲೆಯ ಒಂದು ಬದಿ ಸ್ವಲ್ಪ ಭಾರ. ಅಷ್ಟೇ.

ಮರುದಿನ ಪರೇಲ್‌ನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳಿಗೆ ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಬರುವುದೇ ಇಲ್ಲ. ಮಾತಾಡಿದವಳು ನಾನು. "ಆಂಖ್ ಮೇ ಅಂಧೇರಾ ಆಯಾ, ಚಕ್ಕರ್ ಜೈಸಾ" ಎಂದುಬಿಟ್ಟೆ. ಡಾಕ್ಟರು ಮಲಗಿಸಿ ನಿಲ್ಲಿಸಿ ಬಿಪಿ ನೋಡಿದರು, ನೀರು ಚೆನ್ನಾಗಿ ಕುಡಿಯಲು ಹೇಳಿದರು, ಕಳಿಸಿದರು. ಚಕ್ಕರ್, ಅಂದರೆ ತಲೆಸುತ್ತು, ಎಂಬ ಮಾತಿಗೆ ಸರಿಯಾದ ಚಿಕಿತ್ಸೆಯೇ ಅದು. ತಂಗಿಗೆ ಬಂದದ್ದು ಚಕ್ಕರ್ ಆಗಿರಲಿಲ್ಲ.

ಈ ಲೇಖನಕ್ಕೆ ಕಾರಣ ಆ ಒಂದು ಮಾತು. ಹೃದಯದ ತೂತು ಮುಚ್ಚಿಸಿಕೊಂಡ ಕೆಲವರಿಗೆ ಮೊದಲ ವಾರಗಳಲ್ಲಿ ಕಣ್ಣೆದುರು ಹೀಗೆ ಏನೇನೋ ಕಾಣುತ್ತದೆ. ಹೆಚ್ಚಿನ ಸಲ ಅದರಿಂದ ಅಪಾಯವಿಲ್ಲ. ಅಪರೂಪಕ್ಕೆ ಅದು ಪಾರ್ಶ್ವವಾಯುವಿನ ಮುನ್ಸೂಚನೆ. ಎರಡನ್ನೂ ಬೇರ್ಪಡಿಸುವ ದೊಡ್ಡ ಸಾಕ್ಷ್ಯ ಯಾವ ಯಂತ್ರದಲ್ಲೂ ಇಲ್ಲ, ರೋಗಿಯ ಬಾಯಲ್ಲಿದೆ. ಡಾಕ್ಟರ ಎದುರು ಕೂರುವ ಹೊತ್ತಿಗೆ ಕಣ್ಣು ಸರಿಯಾಗಿರುತ್ತದೆ, ಸ್ಕ್ಯಾನ್ ಶುಭ್ರವಾಗಿರುತ್ತದೆ. ಉಳಿಯುವುದು ಕಂಡವರ ವರ್ಣನೆ ಮಾತ್ರ.

ಮೊದಲು ತೂತಿನ ವಿಷಯ. ತಾಯಿಯ ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ, ಅದರ ಶ್ವಾಸಕೋಶಕ್ಕೆ ಕೆಲಸವಿಲ್ಲ. ಮಾಸುವಿನಿಂದ ಬರುವ ಆಮ್ಲಜನಕದ ರಕ್ತ ನೇರವಾಗಿ ಹೃದಯದ ಬಲಗಡೆಯಿಂದ ಎಡಗಡೆಗೆ ದಾಟಲಿ ಎಂದು ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಅದಕ್ಕೆ ಕದ ಬಿದ್ದು ಅಂಟಿಕೊಳ್ಳಬೇಕು. ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಅಂಟಿಕೊಂಡಿರುವುದಿಲ್ಲ. ಇದನ್ನು ಪಿಎಫ್‌ಒ ಅನ್ನುತ್ತಾರೆ. ಬಹುಪಾಲು ಜನ ಅದು ಇದೆಯೆಂದು ತಿಳಿಯದೆಯೇ ಬದುಕು ಮುಗಿಸುತ್ತಾರೆ. ನನ್ನ ತಂಗಿಗೆ ಇದ್ದದ್ದು ಅದಲ್ಲ, ಎಎಸ್‌ಡಿ. ಅಂದರೆ ನಡುಗೋಡೆಯಲ್ಲೇ ಒಂದು ಭಾಗ ಬೆಳೆದಿಲ್ಲ. ಎಡಗಡೆಯ ರಕ್ತ ಬಲಕ್ಕೆ ಸೋರುತ್ತಾ ಹೋಗಿ ಬಲಭಾಗ ಹಿಗ್ಗುತ್ತದೆ, ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ರಕ್ತ ನುಗ್ಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಬೇಗ ಸುಸ್ತು. ಮೂವತ್ತು ದಾಟುವವರೆಗೂ ಗೊತ್ತಾಗದೆ ಉಳಿಯುವವರು ಬೇಕಾದಷ್ಟು. ಅವಳಿಗೆ ಗೊತ್ತಾದದ್ದು 38ರಲ್ಲಿ.

ಇಂಥ ತೂತಿಗೂ ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರೆಗೂ ಹತ್ತಿರದ ನಂಟಿದೆ. 1953ರ ಮೇ 6ರಂದು ಜಾನ್ ಗಿಬ್ಬನ್ ಫಿಲಡೆಲ್ಫಿಯಾದಲ್ಲಿ ಹೃದಯ-ಶ್ವಾಸಕೋಶ ಯಂತ್ರವನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಬಳಸಿದ್ದು 18 ವರ್ಷದ ಹುಡುಗಿಯ ಎಎಸ್‌ಡಿ ಮುಚ್ಚಲು. ಮುಂಬಯಿಯ ಪರೇಲ್ ಕೂಡ ಈ ಚರಿತ್ರೆಯ ಒಂದು ಪುಟ. 1968ರ ಫೆಬ್ರವರಿಯಲ್ಲಿ ಡಾ. ಪಿ.ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದ್ದು ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ. ಈಗ ಅನೇಕ ಎಎಸ್‌ಡಿಗಳಿಗೆ ಎದೆ ತೆರೆಯುವುದೇ ಬೇಡ. ತೊಡೆಸಂದಿಯ ಅಭಿಧಮನಿಯಿಂದ ತೆಳುವಾದ ಕೊಳವೆ ತೂರಿಸಿ, ಹೃದಯದವರೆಗೆ ಒಯ್ದು, ತೂತಿನ ಆಚೆಗೊಂದು ಈಚೆಗೊಂದು ಬಿಲ್ಲೆ ಬಿಚ್ಚಿಕೊಳ್ಳುವಂತೆ ಮಾಡುತ್ತಾರೆ. ಅಂಗಿಗೆ ಹಾಕುವ ಟಿಚ್ ಬಟನ್ ನೆನಪಿಸಿಕೊಳ್ಳಿ. ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ಎಂಬ ಲೋಹದ ಎಳೆಗಳಿಂದ ಹೆಣೆದ ಜಾಲರಿ ಅದು. ಎಷ್ಟು ಮಡಚಿದರೂ ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಬರುತ್ತದೆ. ಕರ್ಟ್ ಆಂಪ್ಲಾಟ್ಜ್ ರೂಪಿಸಿದ ಈ ಬಗೆಯ ಡಿವೈಸ್‌ಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು.

ಹಾಕಿದ ದಿನ ಆ ಜಾಲರಿ ಬರೀ ಲೋಹ. ರಕ್ತದ ಮಟ್ಟಿಗೆ ಅದು ಪರಕೀಯ ವಸ್ತು. ಮೂರರಿಂದ ಆರು ತಿಂಗಳಲ್ಲಿ ಹೃದಯದ ಒಳಪದರ ನಿಧಾನವಾಗಿ ಅದರ ಮೇಲೆ ಬೆಳೆದು, ಬಾವಿಕಟ್ಟೆಯನ್ನು ಪಾಚಿ ಆವರಿಸುವ ಹಾಗೆ, ಅದನ್ನು ದೇಹದ್ದೇ ಭಾಗ ಮಾಡಿಕೊಳ್ಳುತ್ತದೆ. ಅಲ್ಲಿಯವರೆಗೆ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದೇ ಆಸ್ಪಿರಿನ್, ಅದರ ಜೊತೆಗೆ ಹಲವರಿಗೆ ಕ್ಲೋಪಿಡೋಗ್ರೆಲ್ ಕೊಡುವುದು. ಕಣ್ಣೆದುರಿನ ಗೆರೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಈ ತಿಂಗಳುಗಳಲ್ಲೇ.

ಹಾಗಾದರೆ ಅಕ್ಕಿಯ ಮೊರದಲ್ಲಿ ಅವಳು ಕಂಡದ್ದೇನು? ಅದರ ಹೆಸರು ಮೈಗ್ರೇನ್ ಆರಾ. ಅರೆತಲೆನೋವಿಗೆ ಮುಂಚೆ ಬರುವ ದೃಷ್ಟಿಯ ತೊಂದರೆ. ತಲೆನೋವೇ ಇಲ್ಲದೆ ಇದೊಂದೇ ಬರುವುದೂ ಉಂಟು. ನಡೆಯುವುದು ಕಣ್ಣಿನಲ್ಲಲ್ಲ, ತಲೆಯ ಹಿಂಭಾಗದಲ್ಲಿ, ಮಿದುಳಿನ ದೃಷ್ಟಿ ಕೇಂದ್ರದಲ್ಲಿ. ಕಣ್ಣು ಮುಚ್ಚಿದರೂ ಗೆರೆ ಕಾಣುವುದು ಅದಕ್ಕೇ.

ಅಲ್ಲಿ ಒಂದು ಅಲೆ ಏಳುತ್ತದೆ. ನರಕೋಶಗಳು ಒಂದು ಕ್ಷಣ ಅತಿಯಾಗಿ ಉದ್ರೇಕಗೊಂಡು, ಆಮೇಲೆ ಕೆಲವು ನಿಮಿಷ ಮೌನವಾಗುತ್ತವೆ. ಪಕ್ಕದ ಕೋಶಗಳಿಗೂ ಹಾಗೇ, ಅದರ ಪಕ್ಕದವುಗಳಿಗೂ ಹಾಗೇ. ಒಣಹುಲ್ಲಿನ ಬಯಲಲ್ಲಿ ಬೆಂಕಿ ಹರಿಯುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮುಂದಿನ ಅಂಚಿನಲ್ಲಿ ಉರಿ, ಹಿಂದೆ ಬರೀ ಕರಿ. ಉರಿಯುವ ಅಂಚು ಹೊಳೆಯುವ ಗೆರೆಯಾಗಿ ಕಾಣುತ್ತದೆ, ಹಿಂದಿನ ಮೌನ 'ಏನೂ ಇಲ್ಲದ ಜಾಗ'ವಾಗಿ. ಆದರೆ ಇಲ್ಲಿ ಏನೂ ಸುಡುವುದಿಲ್ಲ, ಕೋಶಗಳು ಮತ್ತೆ ಚೇತರಿಸಿಕೊಳ್ಳುತ್ತವೆ.

ಈ ಅಲೆ ಹರಿಯುವ ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. ಅದನ್ನು ಲೆಕ್ಕ ಹಾಕಿದ್ದು ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ, 1941ರಲ್ಲಿ, ತನಗೇ ಬರುತ್ತಿದ್ದ ಆರಾ ಎಷ್ಟು ಹೊತ್ತಿನಲ್ಲಿ ಎಲ್ಲಿಗೆ ಸರಿಯಿತು ಎಂದು ಗುರುತು ಮಾಡಿಕೊಂಡು. ಮೂರು ವರ್ಷದ ನಂತರ, 1944ರಲ್ಲಿ, ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವೊ ಹಾರ್ವರ್ಡ್‌ನಲ್ಲಿ ಮೊಲದ ಮಿದುಳಿನ ಮೇಲೆ ಮೂರ್ಛೆರೋಗದ ಪ್ರಯೋಗ ಮಾಡುತ್ತಿದ್ದಾಗ ಹೆಚ್ಚುಕಡಿಮೆ ಅದೇ ವೇಗದ ಅಲೆಯೊಂದನ್ನು ಕಂಡರು. ಲ್ಯಾಶ್ಲಿ ಎಣಿಸಿದ್ದೂ ಲಿಯಾವೊ ಕಂಡದ್ದೂ ಒಂದೇ ಎಂಬುದು ಆಮೇಲೆ ಒಪ್ಪಿಗೆಯಾದ ಮಾತು. 2001ರಲ್ಲಿ ಆರಾ ನಡೆಯುತ್ತಿರುವಾಗಲೇ ಮಾಡಿದ ಮಿದುಳಿನ ಸ್ಕ್ಯಾನ್‌ನಲ್ಲೂ ಅಂಥ ಅಲೆ ಮನುಷ್ಯರ ದೃಷ್ಟಿ ಕೇಂದ್ರದಲ್ಲಿ ಹರಿಯುವುದು ಕಾಣಿಸಿತು.

ಗೆರೆ ದೊಡ್ಡದಾಗುತ್ತಾ ಹೋಗುವುದೇಕೆ? ನಾವು ನೆಟ್ಟ ನೋಟದಿಂದ ನೋಡುವ ಚಿಕ್ಕ ಜಾಗಕ್ಕೆ, ಅಕ್ಕಿಯ ಕಲ್ಲು ಹುಡುಕುವಷ್ಟು ಜಾಗಕ್ಕೆ, ದೃಷ್ಟಿ ಕೇಂದ್ರದಲ್ಲಿ ಬಹಳ ದೊಡ್ಡ ಪಾಲು ಮೀಸಲು. ಅಂಚಿನ ನೋಟಕ್ಕೆ ಪಾಲು ಕಡಿಮೆ. ಅಲೆ ಮಿದುಳಿನಲ್ಲಿ ಒಂದೇ ವೇಗದಲ್ಲಿ ಹರಿದರೂ, ನೋಡುವವರಿಗೆ ಅದು ನಡುವಿನಲ್ಲಿ ಚಿಕ್ಕದಾಗಿ, ನಿಧಾನವಾಗಿ, ಅಂಚಿಗೆ ಹೋದಂತೆ ದೊಡ್ಡದಾಗಿ, ಚುರುಕಾಗಿ ಕಾಣುತ್ತದೆ. ಹಲ್ಲುಹಲ್ಲು ಏಕೆ ಎಂಬುದಕ್ಕೂ ಉತ್ತರವಿದೆ. ಅಲ್ಲಿನ ಕೋಶಗಳು ಒಂದೊಂದೂ ಒಂದೊಂದು ಓರೆಯ ಗೆರೆಯನ್ನು ಗುರುತಿಸಲೆಂದೇ ಇರುವಂಥವು. ಅವು ಸಾಲಾಗಿ ಉದ್ರೇಕಗೊಂಡಾಗ ಓರೆಗೆರೆಗಳೇ ಒಂದಕ್ಕೊಂದು ಜೋಡಿಸಿಕೊಂಡು ಕಾಣುತ್ತವೆ. 1870ರಲ್ಲಿ ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ ತನಗೆ ಕಂಡ ಗೆರೆಗಳನ್ನು ಹಂತಹಂತವಾಗಿ ಚಿತ್ರ ಬರೆದು, ಕೋಟೆಗೋಡೆ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟರು. ಮೇಲಿನಿಂದ ನೋಡಿದ ಕೋಟೆಯ ಮೂಲೆಮೂಲೆಯ ಗೋಡೆ ನೆನಪಾಯಿತು ಅವರಿಗೆ. ಮುಂಬಯಿಯ ಫೋರ್ಟ್ ಸುತ್ತಲೂ ಒಂದು ಕಾಲಕ್ಕೆ ಅಂಥದೇ ಗೋಡೆ ಇತ್ತು, 1860ರ ದಶಕದಲ್ಲಿ ಕೆಡವಿದರು. ನನ್ನ ತಂಗಿಗೆ ನೆನಪಾದದ್ದು ಸೀರೆಯ ಸೆರಗು. ಒಂದೂವರೆ ಶತಮಾನದ ಅಂತರದಲ್ಲಿ ಇಬ್ಬರು ಹೇಳಿದ್ದೂ ಒಂದೇ ಆಕಾರವನ್ನು. ಆ ವರ್ಣನೆಯನ್ನು ನಾನು ಡಾಕ್ಟರಿಗೆ ಇದ್ದ ಹಾಗೆ ದಾಟಿಸಿದ್ದರೆ ಅವರು ಅರ್ಧ ನಿಮಿಷದಲ್ಲಿ ಗುರುತಿಸುತ್ತಿದ್ದರು.

ಮೊದಲು ಎಂದೂ ಮೈಗ್ರೇನ್ ಇಲ್ಲದವಳಿಗೆ ತೂತು ಮುಚ್ಚಿದ ಮೇಲೆ ಏಕೆ ಬಂತು? ಇಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಗಟ್ಟಿಯಾದ ಅನುಮಾನ ಪ್ಲೇಟ್‌ಲೆಟ್‌ಗಳ ಮೇಲೆ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳ ಮೇಲೆ. ಹೊಸ ಜಾಲರಿಯ ಮೇಲೆ ಅವು ಗುಂಪುಗೂಡುತ್ತವೆ, ಸೆರಟೋನಿನ್‌ನಂಥ ರಾಸಾಯನಿಕಗಳನ್ನು ಬಿಡುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಕಳಚಿ ಮಿದುಳಿನತ್ತ ಹೋಗಲೂಬಹುದು. 2010ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದರಲ್ಲಿ ಮಿದುಳಿನ ರಕ್ತನಾಳಕ್ಕೆ ಅತಿಸಣ್ಣ ಕಣಗಳನ್ನು, ಗಾಳಿಗುಳ್ಳೆಗಳನ್ನು ಬಿಟ್ಟಾಗ, ಹಲವು ಸಲ ಮಿದುಳಿಗೆ ಹಾನಿಯಾಗದೆಯೇ ಮೇಲೆ ಹೇಳಿದ ಅಲೆ ಎದ್ದಿತ್ತು. ಹೃದಯದ ಮೇಲಿನ ಕೋಣೆಯ ಗೋಡೆ ಹಿಗ್ಗಿ ಹಾರ್ಮೋನಿನ ಏರುಪೇರು ಆಗುತ್ತದೆ ಎನ್ನುವವರಿದ್ದಾರೆ, ನಿಕಲ್ ಅಲರ್ಜಿ ಎನ್ನುವವರೂ ಇದ್ದಾರೆ. ನನಗೆ ಮನವರಿಕೆಯಾಗುವುದು ಪ್ಲೇಟ್‌ಲೆಟ್ ವಾದವೇ, ಏಕೆಂದರೆ ಅದರ ಬೆನ್ನಿಗೆ ರೋಗಿಗಳ ಮೇಲಿನ ಪರೀಕ್ಷೆಯೊಂದು ನಿಂತಿದೆ. ಕೆನಡಾದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಕನೋವಾ ಅಧ್ಯಯನ ಅದು. ಎಎಸ್‌ಡಿ ಮುಚ್ಚಿಸಿಕೊಂಡ, ಹಿಂದೆ ಮೈಗ್ರೇನ್ ಇಲ್ಲದ 171 ಮಂದಿಯಲ್ಲಿ ಕೆಲವರಿಗೆ ಆಸ್ಪಿರಿನ್ ಮಾತ್ರ, ಉಳಿದವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಕೊಟ್ಟರು. ಮೂರು ತಿಂಗಳಲ್ಲಿ ಮೊದಲ ಗುಂಪಿನ ಶೇ. 21.8 ಮಂದಿಗೆ ಮೈಗ್ರೇನ್ ಬಂತು, ಎರಡನೇ ಗುಂಪಿನಲ್ಲಿ ಶೇ. 9.5 ಮಂದಿಗೆ. ಪ್ಲೇಟ್‌ಲೆಟ್ ತಡೆಯುವ ಇನ್ನೊಂದು ಮಾತ್ರೆ ಸೇರಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಹಾಗೆಂದು ಎಲ್ಲರಿಗೂ ಎರಡು ಮಾತ್ರೆ ಸಲ್ಲುತ್ತದೆ ಎಂದಲ್ಲ. ರಕ್ತಸ್ರಾವದ ಭಯ ಇರುವವರಿಗೆ ಲೆಕ್ಕ ಬೇರೆ.

ಇದರಲ್ಲಿ ಒಂದು ವಿಚಿತ್ರವೂ ಇದೆ. ಕೆಲವರಿಗೆ ತೂತು ಮುಚ್ಚಿದ ಮೇಲೆ ಹಳೆಯ ಮೈಗ್ರೇನ್ ಕಡಿಮೆಯಾಗುತ್ತದೆ. ಇದನ್ನು ಕಂಡು, ಮೈಗ್ರೇನ್ ಗುಣಪಡಿಸಲೆಂದೇ ಪಿಎಫ್‌ಒ ಮುಚ್ಚಿ ನೋಡಿದರು. 2008ರ ಮಿಸ್ಟ್, 2016ರ ಪ್ರೈಮಾ, 2017ರ ಪ್ರೀಮಿಯಂ ಅಧ್ಯಯನಗಳು ಮೂರೂ ತಾವು ಇಟ್ಟುಕೊಂಡ ಮುಖ್ಯ ಗುರಿ ಮುಟ್ಟಲಿಲ್ಲ. ಆದ್ದರಿಂದ ಬರೀ ತಲೆನೋವಿಗಾಗಿ ಹೃದಯದ ಕಿಂಡಿ ಮುಚ್ಚಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರನ್ನು ಕೇಳಿ.

ಈಗ ಅಪಾಯದ ಮಾತು. ಜಾಲರಿಯ ಮೇಲೆ ದೊಡ್ಡ ಹೆಪ್ಪು ಕಟ್ಟಿ ಕಳಚಿಕೊಂಡರೆ, ಅಥವಾ ಚಿಕಿತ್ಸೆಯ ನಂತರದ ವಾರಗಳಲ್ಲಿ ಹೃದಯದ ಬಡಿತ ತಾಳತಪ್ಪಿ ಅಲ್ಲಿ ರಕ್ತ ಗರಣೆಗಟ್ಟಿದರೆ, ಆ ಹೆಪ್ಪು ಮಿದುಳಿನ ಅಥವಾ ಕಣ್ಣಿನ ಅಪಧಮನಿಗೆ ಹೋಗಿ ಕೂರುತ್ತದೆ. ಇದು ಅಪರೂಪ, ಆದರೆ ಇದು ಪಾರ್ಶ್ವವಾಯು. ಇದರ ಲಕ್ಷಣ ಆರಾಕ್ಕೆ ಬಹುತೇಕ ತಿರುಗಮುರುಗ. ಆರಾ ತೆವಳುತ್ತಾ ಬರುತ್ತದೆ, ಇದು ಸ್ವಿಚ್ ಆರಿಸಿದಂತೆ ಒಮ್ಮೆಗೇ ಬರುತ್ತದೆ. ಆರಾದಲ್ಲಿ ಹೊಳಪು, ಮಿಣುಕು, ಚಲನೆ ಇರುತ್ತದೆ. ಇದರಲ್ಲಿ ಇರುವುದು ಕಳೆದುಹೋಗುತ್ತದೆ, ಕತ್ತಲೆ ಅಥವಾ ಬೂದು. ಕಣ್ಣಿನ ನಾಳಕ್ಕೆ ಹೆಪ್ಪು ಬಂದರೆ ಒಂದೇ ಕಣ್ಣಿಗೆ ಮೇಲಿನಿಂದ ಪರದೆ ಇಳಿದಂತಾಗುತ್ತದೆ. ಅದು ಐದು ನಿಮಿಷದಲ್ಲಿ ತಾನೇ ತೆರೆದುಕೊಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ತೆರೆದುಕೊಂಡಿತಲ್ಲ ಎಂಬ ಸಮಾಧಾನವೇ ಇಲ್ಲಿ ಮೋಸ ಮಾಡುವುದು.

ಒಂದು ಕಣ್ಣೋ ಎರಡೂ ಕಣ್ಣೋ ಎಂದು ತಿಳಿಯಲು ಆಗಲೇ, ತೊಂದರೆ ನಡೆಯುತ್ತಿರುವಾಗಲೇ, ಅಂಗೈಯಿಂದ ಒಂದೊಂದು ಕಣ್ಣನ್ನು ಸರದಿಯಂತೆ ಮುಚ್ಚಿ ನೋಡಬೇಕು. ಇದು ಹೇಳುವಷ್ಟು ಸುಲಭವಲ್ಲ. ಬಲಗಡೆಯ ನೋಟ ಹೋದವರು 'ಬಲಗಣ್ಣು ಹೋಯಿತು' ಎಂದೇ ಹೇಳುತ್ತಾರೆ. ನಿಜದಲ್ಲಿ ಎರಡೂ ಕಣ್ಣುಗಳ ಬಲಗಡೆಯ ಅರ್ಧ ನೋಟ ಹೋಗಿರುತ್ತದೆ, ಏಕೆಂದರೆ ಎರಡೂ ಕಣ್ಣುಗಳ ಬಲಗಡೆಯ ನೋಟವನ್ನು ಎಡ ಮಿದುಳು ನೋಡಿಕೊಳ್ಳುತ್ತದೆ. ತಂಗಿಗೆ ಎರಡನೇ ಸಲ ಬಂದಾಗ ನಾನೇ ಅವಳ ಕಣ್ಣಿಗೆ ಕೈ ಅಡ್ಡ ಹಿಡಿದು, ಗೋಡೆಯ ಕ್ಯಾಲೆಂಡರ್ ನೋಡಲು ಹೇಳಿದೆ. ಎಡಗಣ್ಣು ಮುಚ್ಚಿದರೂ 'ಮಂಗಳವಾರ'ದ ಮೊದಲೆರಡು ಅಕ್ಷರ ಇಲ್ಲ, ಬಲಗಣ್ಣು ಮುಚ್ಚಿದರೂ ಇಲ್ಲ. ಎರಡೂ ಕಣ್ಣು ಎಂದರೆ ಮೂಲ ಮಿದುಳಿನಲ್ಲಿ ಎಂದರ್ಥ. ಆದರೆ ಅಷ್ಟರಿಂದಲೇ ಅದು ಆರಾ ಎಂದು ಹೇಳಲಾಗದು, ಮಿದುಳಿನ ಹಿಂಭಾಗದ ಪಾರ್ಶ್ವವಾಯುವೂ ಎರಡೂ ಕಣ್ಣಿನ ಅರ್ಧ ನೋಟ ಕಸಿಯುತ್ತದೆ.

ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ಚಿಕಿತ್ಸೆಯ ನಂತರ ಇಂಥದು ಮೊದಲ ಬಾರಿ ಕಂಡರೆ, ಎಷ್ಟೇ ಚೆಂದದ ಗೆರೆಯಾಗಿರಲಿ, ಅಂದೇ ತುರ್ತು ವಿಭಾಗಕ್ಕೆ ಹೋಗಬೇಕು. ನಾವು ಮರುದಿನದವರೆಗೆ ಕಾದದ್ದು ತಪ್ಪು. ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ. ಒಮ್ಮೆ ಪರೀಕ್ಷೆಯಾಗಿ ಇದು ಆರಾ ಎಂದು ಗೊತ್ತಾದ ಮೇಲೆ, ಅದೇ ರೂಪದಲ್ಲಿ ಮರಳಿ ಬಂದರೆ ಗಾಬರಿ ಬೇಡ. ರೂಪ ಬದಲಾದರೆ, ಒಂದು ಗಂಟೆ ದಾಟಿದರೆ, ಮುಖ ಓರೆಯಾದರೆ, ಕೈಕಾಲಲ್ಲಿ ಬಲ ತಗ್ಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಅದು ಎಲ್ಲರಿಗೂ ಕೊಡುವಂಥದ್ದಲ್ಲ, ಆದ್ದರಿಂದ ತೂತು ಮುಚ್ಚಿಸಿದ ತಾರೀಕು, ತೆಗೆದುಕೊಳ್ಳುತ್ತಿರುವ ಮಾತ್ರೆ ಎರಡನ್ನೂ ಬಾಗಿಲಲ್ಲೇ ಹೇಳಿಬಿಡಿ. ಡೊಂಬಿವಲಿ, ಕಲ್ಯಾಣ, ವಿರಾರ್ ಕಡೆ ಇರುವವರು ತೂತು ಮುಚ್ಚಿದ ಆಸ್ಪತ್ರೆಗೇ ಹೋಗಬೇಕೆಂದು ಲೋಕಲ್ ಹತ್ತಿ ದಾದರ್, ಪರೇಲ್ ದಾರಿ ಹಿಡಿಯುತ್ತಾರೆ. ಪಾರ್ಶ್ವವಾಯುವಿನ ಅನುಮಾನವಿದ್ದಾಗ ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ.

ಜ್ವರದ ಬಗ್ಗೆಯೂ ಒಂದು ಮಾತು. ಚಳಿಜ್ವರದ ಜೊತೆ ಕಣ್ಣಿನ ತೊಂದರೆ ಬಂದರೆ ಡಿವೈಸ್‌ಗೆ ಸೋಂಕು ತಗುಲಿರಬಹುದು. ಅಂಗಡಿಯ ಆಂಟಿಬಯೋಟಿಕ್ ನುಂಗಿ ಕಾಯಬೇಡಿ. ರಕ್ತಪರೀಕ್ಷೆಗೆ ಮುಂಚೆ ನುಂಗಿದರೆ ಯಾವ ಸೋಂಕು ಎಂದು ಪತ್ತೆ ಹಚ್ಚುವುದೇ ಕಷ್ಟವಾಗುತ್ತದೆ. ಮೊದಲ ಆರು ತಿಂಗಳು ಹಲ್ಲು ಕೀಳಿಸುವ, ವಸಡಿನ ಚಿಕಿತ್ಸೆ ಮಾಡಿಸುವ ಮುನ್ನ ಹೃದಯದ ಡಾಕ್ಟರನ್ನು ಕೇಳಬೇಕಾದದ್ದೂ ಇದೇ ಕಾರಣಕ್ಕೆ.

ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ನಂತರದ ಕತೆ ಸ್ವಲ್ಪ ಬೇರೆ. ಅಲ್ಲಿ ರಕ್ತ ಯಂತ್ರದ ಮೂಲಕ ಸುತ್ತುತ್ತದೆ, ಸಣ್ಣ ಗಾಳಿಗುಳ್ಳೆ, ಕೊಬ್ಬಿನ ಕಣಗಳು ಮಿದುಳಿಗೆ ಹೋಗುವ ಸಂಭವವಿದೆ. ಬಿಪಿ ಇಳಿದು, ರಕ್ತಹೀನತೆಯೂ ಸೇರಿದರೆ ಕಣ್ಣಿನ ನರಕ್ಕೆ ರಕ್ತ ಸಾಲದೆ ಹೋಗಬಹುದು. ಅಂಥವರಿಗೆ ಎಚ್ಚರವಾದಾಗಲೇ ಅಥವಾ ಮೊದಲ ಕೆಲವು ದಿನಗಳಲ್ಲಿ ದೃಷ್ಟಿ ಕುಂದಿರುವುದು ಗೊತ್ತಾಗುತ್ತದೆ. ಅರಿವಳಿಕೆಯ ಮಂಪರು ಎಂದು ಮನೆಯವರು ತಳ್ಳಿಹಾಕಬಾರದು. ರೋಗಿಯ ಎದುರು ನಿಂತು ಬೆರಳು ಎಣಿಸಲು ಹೇಳಿ. ತಟ್ಟೆಯಲ್ಲಿ ಒಂದೇ ಬದಿಯ ಅನ್ನ ಉಂಡು ಇನ್ನೊಂದು ಬದಿಯದನ್ನು ಹಾಗೇ ಬಿಟ್ಟಿದ್ದರೆ ಅದನ್ನೂ ನರ್ಸ್‌ಗೆ ಹೇಳಿ.

ಮಾತ್ರೆಗಳೂ ಕಣ್ಣಿಗೆ ಆಟ ತೋರಿಸುತ್ತವೆ. ಹೃದಯದ ಬಡಿತ ತಗ್ಗಿಸಲು ಕೊಡುವ ಐವಾಬ್ರಡೀನ್ ನಮ್ಮಲ್ಲಿ ಬಳಕೆಯಲ್ಲಿದೆ. ಹೃದಯದ ಕೋಶಗಳಲ್ಲಿ ಅದು ಅಡ್ಡಗಟ್ಟುವ ಬಾಗಿಲಿನಂಥದೇ ಒಂದು ಕಣ್ಣಿನ ಹಿಂಪರದೆಯಾದ ರೆಟಿನಾದಲ್ಲೂ ಇದೆ. ಹಾಗಾಗಿ ಕತ್ತಲೆ ಕೋಣೆಯಿಂದ ಬೆಳಕಿಗೆ ಬಂದಾಗ, ಫ್ರಿಜ್ ತೆರೆದಾಗ, ರಾತ್ರಿ ಎದುರು ವಾಹನದ ದೀಪ ಬಿದ್ದಾಗ ಒಂದು ಜಾಗ ಝಗ್ಗೆಂದು ಹೊಳೆದಂತಾಗುತ್ತದೆ. ಬೆಳಕು ಥಟ್ಟನೆ ಬದಲಾದಾಗ ಮಾತ್ರ ಬರುವುದು ಇದರ ಗುರುತು. ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿ ಶುರುವಾಗಿ, ಆಮೇಲೆ ಕಡಿಮೆಯಾಗುತ್ತದೆ. ಹೃದಯದ ಇನ್ನೊಂದು ಮಾತ್ರೆ ಡಿಜಾಕ್ಸಿನ್ ತೆಗೆದುಕೊಳ್ಳುವವರಿಗೆ ಎಲ್ಲವೂ ಹಳದಿಯಾಗಿ ಕಂಡು, ವಾಕರಿಕೆ ಬಂದರೆ ಮದ್ದು ಮೈಯಲ್ಲಿ ಹೆಚ್ಚಾಗಿದೆ ಎಂದರ್ಥ, ಅಂದೇ ತೋರಿಸಿ. ಬಡಿತದ ತಾಳ ಸರಿಪಡಿಸುವ ಅಮಿಯೋಡರೋನ್ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲೆ ಸಣ್ಣ ಕಣಗಳನ್ನು ಕೂರಿಸುತ್ತದೆ, ಬೀದಿದೀಪದ ಸುತ್ತ ಬಳೆ ಕಾಣಬಹುದು. ಎದ್ದು ನಿಂತೊಡನೆ ಎರಡೂ ಕಣ್ಣಿಗೆ ಕತ್ತಲೆಗಟ್ಟಿ, ಕೂತರೆ ಸರಿಹೋಗುವುದು ಬಿಪಿ ಇಳಿದದ್ದರ ಗುರುತು. ಒಂದೇ ಕಣ್ಣಲ್ಲಿ ಮಿಂಚು ಹೊಡೆದು, ಕರಿಚುಕ್ಕೆಗಳ ಮಳೆ ಬಂದರೆ ಅದು ಹೃದಯದ್ದಲ್ಲ, ರೆಟಿನಾ ಹರಿದಿರಬಹುದು. ಆಗ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಏನೇ ಕಂಡರೂ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. 'ರಕ್ತ ತೆಳುವಾಗುವ ಗುಳಿಗೆಯಿಂದಲೇ ಕಣ್ಣು ಮಂಜಾಗಿದೆ' ಎಂದು ನಿಲ್ಲಿಸಿದವರನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕಂಡಿದ್ದೇನೆ. ಹೆಪ್ಪುಗಟ್ಟುವ ಭಯವಿರುವ ಕಾಲದಲ್ಲೇ ಕಾವಲು ತೆಗೆದ ಹಾಗೆ ಅದು. ಹಾಗೆಯೇ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮೈಗ್ರೇನ್ ಮಾತ್ರೆ ಬೇಡ. ಎರ್ಗೋಟಮೀನ್, ಟ್ರಿಪ್ಟಾನ್ ಜಾತಿಯವು ರಕ್ತನಾಳ ಕಿರಿದಾಗಿಸುತ್ತವೆ. ಆರಾ ಬರುವ ಹೆಂಗಸರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಬೇಕು, ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಅತ್ತೆಯ ಎದುರು, ಅಣ್ಣನ ಎದುರು ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಡಿ.

ಭಾಷೆಯ ಮಾತಿಗೆ ಮರಳುತ್ತೇನೆ. ನಮ್ಮ ಕಡೆ 'ಬವಳಿ ಬಂತು', 'ಕಣ್ಣು ಕತ್ತಲೆ ಬಂತು', 'ಕಣ್ಣು ಮಂಜಾಯ್ತು' ಎಂಬ ಮೂರು ಮಾತುಗಳಲ್ಲೇ ಎಲ್ಲವನ್ನೂ ಹೇಳಿ ಮುಗಿಸುತ್ತೇವೆ. ಮುಂಬಯಿಗೆ ಚಿಕಿತ್ಸೆಗೆಂದು ಬರುವ ಕನ್ನಡದವರ ಜೊತೆ ಮಾತಾಡಲು ಯಾರೋ ಮಾತುಂಗದ ನೆಂಟರು, ಹೋಟೆಲಿನ ಹುಡುಗರು, ನನ್ನಂಥ ಅಕ್ಕಂದಿರು ಹೋಗುತ್ತೇವೆ. ಆ ಮೂರು ಮಾತುಗಳನ್ನು ಹಿಂದಿಗೆ ಇಳಿಸುವಾಗ ಎಲ್ಲವೂ 'ಚಕ್ಕರ್' ಆಗಿಬಿಡುತ್ತದೆ. ದುಭಾಷಿಯಾಗಿ ಹೋಗುವವರು ಮೊದಲು ರೋಗಿಯನ್ನು ಕನ್ನಡದಲ್ಲೇ ಕೂರಿಸಿಕೊಂಡು ಕೇಳಬೇಕು. ಒಮ್ಮೆಗೇ ಬಂತೋ, ಸರಿಯುತ್ತಾ ಬಂತೋ? ಹೊಳೆಯಿತೋ, ಬರೀ ಕತ್ತಲೆಯೋ? ಯಾವ ಕಣ್ಣು, ಮುಚ್ಚಿ ನೋಡಿದರೋ? ಗಡಿಯಾರದಲ್ಲಿ ಎಷ್ಟು ನಿಮಿಷ? ಆಗ ಎದ್ದು ನಿಂತಿದ್ದರೋ, ಕೂತಿದ್ದರೋ? ಉತ್ತರಕ್ಕೆ ಹಿಂದಿಯ ಒಂದು ಪದ ಹುಡುಕುವ ಬದಲು ರೋಗಿ ಹೇಳಿದ್ದನ್ನು ಇದ್ದ ಹಾಗೇ ಹೇಳಿದರೆ ಸಾಕು, ಸೀರೆಯ ಸೆರಗಾದರೆ ಸೀರೆಯ ಸೆರಗು.

ಮೂರನೇ ಸಲ ಬಂದಾಗ ಬೇರೊಬ್ಬ ಡಾಕ್ಟರು ಇದ್ದರು. ನನ್ನ ಹಿಂದಿ ಕೇಳಿ ಅರ್ಧಕ್ಕೇ ನಿಲ್ಲಿಸಿ, ಒಂದು ಹಾಳೆ, ಬಾಲ್‌ಪೆನ್ನನ್ನು ತಂಗಿಯ ಕಡೆ ಸರಿಸಿದರು. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಒಂದು ಚುಕ್ಕಿ ಇಟ್ಟು, ಅದರ ಎಡಕ್ಕೆ ಹಲ್ಲುಹಲ್ಲಿನ ಸಣ್ಣ ಬಿಲ್ಲು ಬರೆದಳು. ಅದರಾಚೆ ಇನ್ನೂ ದೊಡ್ಡದು. ಅದರಾಚೆ ಮತ್ತೂ ದೊಡ್ಡದು. ಪ್ರತಿಯೊಂದರ ಪಕ್ಕ ನಿಮಿಷ ಬರೆದಳು: 5, 12, 20. ಡಾಕ್ಟರು ಹಾಳೆ ನೋಡಿ "ಆರಾ" ಅಂದರು. ಆದರೂ ಇಸಿಜಿ ತೆಗೆಸಿದರು, ಎಕೋ ಮಾಡಿಸಿ ಜಾಲರಿಯ ಮೇಲೆ ಹೆಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡರು, ಮಿದುಳಿನ ಎಂಆರ್‌ಐ ಬರೆದುಕೊಟ್ಟರು. ಮೈಯೊಳಗೆ ಲೋಹವಿದೆ ಎಂದು ನಾವು ಹೆದರಿದೆವು. ನಿಟಿನಾಲ್ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ, ಡಿವೈಸ್‌ನ ಕಾರ್ಡ್ ತೋರಿಸಿದರೆ ಅದಕ್ಕೆ ತಕ್ಕಂತೆ ಯಂತ್ರ ಹೊಂದಿಸಿ ಸ್ಕ್ಯಾನ್ ಮಾಡುತ್ತಾರೆ ಎಂದು ಅಲ್ಲಿಯ ತಂತ್ರಜ್ಞರು ಬಿಡಿಸಿ ಹೇಳಿದರು. ಸ್ಕ್ಯಾನ್ ಶುಭ್ರವಾಗಿತ್ತು. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಸೇರಿಸಿದರು.

ಆಮೇಲೆ ಎರಡು ಸಲ ಬಂತು. ಎರಡನ್ನೂ ಅವಳು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕು, ನಿಮಿಷ, ಬದಿ ಸಮೇತ ಬರೆದಿಟ್ಟಿದ್ದಾಳೆ. ನಾಲ್ಕನೇ ತಿಂಗಳಿನಿಂದ ಆ ಪುಟ ಖಾಲಿ. ಹಾಳೆಯ ಮೇಲಿನ ಆ ಚಿತ್ರವನ್ನು ಡಾಕ್ಟರು ಅವಳ ಫೈಲಿಗೆ ಪಿನ್ ಮಾಡಿದ್ದಾರೆ, ಎಕೋ ರಿಪೋರ್ಟಿನ ಮೇಲೆ.